ಮನರಂಜನೆಯ ಪೆಟ್ಟಿಗೆಯೂ ಮನೆಯ ಯಜಮಾನಿಕೆಯೂ

ಹೊಸದಾಗಿ ತಂದ ಪಾತ್ರೆಯನ್ನು ತೊಳೆದು ಬೆಳಗಿ, ಅದರಲ್ಲಿ ಏನನ್ನು ತುಂಬತಕ್ಕದ್ದೆಂಬುದನ್ನು ಮನೆಯವರೇ ನಿಶ್ಚಯಿಸುವುದು ಲೋಕರೂಢಿಯಾಗಿದೆ. ಪಾತ್ರೆಯ ವ್ಯಾಪಾರಿಯು ತುಂಬಿಕೊಟ್ಟುದನ್ನೇ ಉಣ್ಣುತ್ತೇವೆಂದು ಯಾವ ಗೃಹಿಣಿಯೂ ಹೇಳಲಾರಳು. ಹೀಗಿದ್ದರೂ ಹಜಾರದ ಗೋಡೆಯ ಮೇಲಿರುವ ಟಿ.ವಿ.ಯ ವಿಷಯದಲ್ಲಿ ಮಾತ್ರ ನಮ್ಮ ಸಂಸಾರಗಳು ಈ ವಿವೇಕವನ್ನು ಮರೆತಂತೆ ತೋರುತ್ತದೆ. ಕಂಪೆನಿಯವರು ಎದುರಿಗೆ ಹರಡಿದುದನ್ನು ನೋಡುತ್ತೇವೆ. ಅವರು ತೆಗೆದುಬಿಟ್ಟುದನ್ನು ಮರೆಯುತ್ತೇವೆ. ಕೇಳಿದಷ್ಟು ಹಣವನ್ನು ತೆರುತ್ತೇವೆ. ಇದುವರೆಗೆ ಈ ಪುಟಗಳಲ್ಲಿ ಅಡುಗೆಯ ಮನೆ, ಬಚ್ಚಲು, ಉಗ್ರಾಣಗಳ ಸಲಕರಣೆಗಳನ್ನು ಕುರಿತು ಬರೆದಿದ್ದೇವೆ. ಈ ತಿಂಗಳು ಹಜಾರಕ್ಕೆ ಬಂದು, ಟಿ.ವಿ.ಗೆ ಕಂಪ್ಯೂಟರನ್ನು ಜೋಡಿಸಿ ಮನೆಯವರೇ ತಮ್ಮ ಮನರಂಜನೆಯನ್ನು ಏರ್ಪಡಿಸಿಕೊಳ್ಳುವ ಕ್ರಮವನ್ನು ವಿಚಾರ ಮಾಡೋಣ.

ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿರುವ ಸೋಸಲೆಯನ್ನು ವಾಚಕರಲ್ಲಿ ಅನೇಕರು ವ್ಯಾಸರಾಜ ಮಠದ ಹೆಸರಿನಿಂದ ಬಲ್ಲರು. ಅಂಥ ಊರಿನಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಅಜ್ಜಿಗೆ ಬೆಳಗಿನ ಹೊತ್ತು ದೇವರನಾಮಗಳು ಬೇಕು. ಮಗನಿಗೆ ವಾರ್ತೆ, ಕ್ರಿಕೆಟ್ಟು. ಸೊಸೆಗೆ ಹಳೆಯ ಕನ್ನಡ ಚಿತ್ರಗಳು. ಮೊಮ್ಮಕ್ಕಳಿಗೆ ಬೊಂಬೆಯಾಟದ ಚಿತ್ರಗಳು. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಫೋನು ಹಿಡಿದು ಕುಳಿತಿರುತ್ತಾರೆ. ಫೋನಿನ ಮರ್ಮವನ್ನರಿಯದ ಅಜ್ಜಿಯೊಬ್ಬಳೇ, ಕಪ್ಪಾಗಿ ಮಲಗಿರುವ ದೊಡ್ಡ ಟಿ.ವಿ.ಯ ಮುಂದೆ, ಯಾವ ಗುಂಡಿಯನ್ನು ಒತ್ತಬೇಕೆಂದು ತಿಳಿಯದೆ ಕುಳಿತಿರುತ್ತಾಳೆ. ಕೇಬಲ್ಲಿನ ಬಾಡಿಗೆಯಲ್ಲದೆ ಮೂರು ನಾಲ್ಕು ಕಂಪೆನಿಗಳಿಗೆ ಪ್ರತ್ಯೇಕ ಚಂದಾ ಹೋಗುತ್ತಿದೆ. ಇಂಥ ಸಮಯದಲ್ಲಿ ಒಬ್ಬನು ಬಂದು, ಒಂದು ಸಣ್ಣ ಪೆಟ್ಟಿಗೆಯನ್ನು ತೋರಿಸಿ, “ಇದನ್ನು ಒಂದು ಸಲ ಕೊಂಡರಾಯಿತು, ಎಲ್ಲ ಚಾನೆಲ್ಲುಗಳೂ, ನಿನ್ನೆ ಬಿಡುಗಡೆಯಾದ ಚಿತ್ರವೂ ಇದರಲ್ಲಿವೆ, ತಿಂಗಳ ಚಂದಾ ಕೊಡಬೇಕಾದುದಿಲ್ಲ” ಎಂದು ಹೇಳುತ್ತಾನೆ. ಆ ಮನೆಯ ಯಜಮಾನರು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಒಳ್ಳೆಯದು.

ಲೋಕದ ಧ್ವನಿಯನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವ ಆಸೆಯು ನಮ್ಮ ಸೀಮೆಗೆ ಹೊಸದಲ್ಲ. 1935ನೆಯ ಇಸವಿಯಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಲ್ಲಿಯೇ 30 ವಾಟ್ಟಿನ ಚಿಕ್ಕ ಯಂತ್ರವನ್ನಿಟ್ಟು ರೇಡಿಯೋ ಪ್ರಸಾರವನ್ನು ಆರಂಭಿಸಿದರು. “ಆಕಾಶವಾಣಿ” ಎಂಬ ಹೆಸರು ಬಳಕೆಗೆ ಬಂದುದು ಆ ನಿಲಯದಿಂದಲೇ. ಮುಂದೆ ಅದು ಇಡೀ ದೇಶದ ಪ್ರಸಾರ ಸಂಸ್ಥೆಗೆ ಹೆಸರಾಯಿತು. ಆ ಕಾಲದಲ್ಲಿ ರೇಡಿಯೋ ಇದ್ದ ಮನೆಗಳೇ ವಿರಳ. ಇದ್ದ ಮನೆಯಲ್ಲಿ ನೆರೆಹೊರೆಯವರೆಲ್ಲರೂ ಸೇರುತ್ತಿದ್ದರು. ಆಯ್ಕೆಗೆ ಅವಕಾಶ ಕಡಮೆ, ಕೂಟಕ್ಕೆ ಅವಕಾಶ ಹೆಚ್ಚು. ಇಂದು ಆಯ್ಕೆಗೆ ಮಿತಿಯೇ ಇಲ್ಲ. ಕೂಟವು ಮಾತ್ರ ಮುರಿದುಹೋಗಿದೆ. ನಾವು ಈಗ ವಿವರಿಸಲಿರುವ ಏರ್ಪಾಡಿನ ಮುಖ್ಯ ಪ್ರಯೋಜನವೂ ಇದೇ: ಚದುರಿಹೋದ ಮನೆಯವರನ್ನು ಒಂದು ತೆರೆಯ ಮುಂದಕ್ಕೆ ಮತ್ತೆ ಕರೆದು ತರುವುದು.

ಟಿ.ವಿ.ಗೆ ಜೋಡಿಸಿದ ಕಂಪ್ಯೂಟರನ್ನು ಹೋಂ ಥಿಯೇಟರ್ ಪಿ.ಸಿ. ಎಂದು ಕರೆಯುತ್ತಾರೆ. ಕಂಪ್ಯೂಟರಿನ ಸಾಮಾನ್ಯ ತೆರೆಯು ಮೇಜಿನ ಮುಂದೆ ಕುಳಿತವನಿಗೆ ಅನುಕೂಲವಾದುದು. ಹತ್ತು ಅಡಿ ದೂರದಲ್ಲಿ ಚಾಪೆಯ ಮೇಲೆ ಕುಳಿತವರಿಗೆ ಅದರ ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವೆ. ಆದುದರಿಂದ ದೂರದಿಂದ ಓದಬಹುದಾದ ದೊಡ್ಡ ಅಕ್ಷರಗಳನ್ನೂ ಚಿತ್ರಗಳನ್ನೂ ತೋರಿಸಿ, ರಿಮೋಟಿನ ನಾಲ್ಕೈದು ಗುಂಡಿಗಳಿಂದಲೇ ನಡೆಯುವ ಸಾಫ್ಟ್‌ವೇರ್ ಬೇಕಾಗುತ್ತದೆ. ಮೈಕ್ರೋಸಾಫ್ಟ್ ಕಂಪೆನಿಯು 2002ರಲ್ಲಿ ವಿಂಡೋಸ್ ಮೀಡಿಯಾ ಸೆಂಟರ್ ಎಂಬುದನ್ನು ಹೊರತಂದಿತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಕೈಬಿಟ್ಟಿತು. ಅದನ್ನು ನಂಬಿ ತಮ್ಮ ಸಂಗ್ರಹವನ್ನೆಲ್ಲ ಜೋಡಿಸಿಕೊಂಡಿದ್ದವರು ಬೇರೆ ದಾರಿಯನ್ನು ಹುಡುಕಬೇಕಾಯಿತು. ಒಡೆಯನು ಒಬ್ಬನೇ ಆದ ಛತ್ರದಲ್ಲಿ ಬಿಡಾರ ಮಾಡಿದವರ ಪಾಡು ಹೀಗೆಯೇ ಸರಿ.

ಈಗ ಬಹುಮಂದಿ ಉಪಯೋಗಿಸುವ ಸಾಫ್ಟ್‌ವೇರಿಗೆ ಕೋಡಿ ಎಂದು ಹೆಸರು. ಕೆರೆಯ ಕೋಡಿಯನ್ನು ಬಲ್ಲ ನಮಗೆ ಈ ಹೆಸರು ಪರಕೀಯವಾಗಿ ಕೇಳಿಸದಿರುವುದು ಒಂದು ವಿನೋದ. ಇದು 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ಚಿತ್ರಗಳನ್ನು ನೋಡುವುದಕ್ಕಾಗಿ ಕೆಲವು ಉತ್ಸಾಹಿಗಳು ಬರೆದುಕೊಂಡ ಸಾಧನ. 2014ರಲ್ಲಿ ಇದಕ್ಕೆ ಈಗಿನ ಹೆಸರು ಬಂದಿತು. ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯು ಇದನ್ನು ನಡೆಸುತ್ತಿದೆ. ಇದಕ್ಕೆ ಬೆಲೆಯಿಲ್ಲ, ಇದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದಕಾರಣ ಒಬ್ಬರು ಕೈಬಿಟ್ಟರೂ ಮತ್ತೊಬ್ಬರು ಕೈಹಿಡಿಯುವುದಕ್ಕೆ ಎಡೆಯುಂಟು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಇವೆಲ್ಲದರ ಮೇಲೂ ಇದು ನಡೆಯುತ್ತದೆ.

ಕೋಡಿಯ ವಿಷಯದಲ್ಲಿ ಗೃಹಸ್ಥರು ಮೊದಲು ತಿಳಿಯತಕ್ಕ ಸಂಗತಿಯೊಂದಿದೆ. ಅದು ಬರಿದಾಗಿ ಬರುತ್ತದೆ. ಅದರೊಳಗೆ ಒಂದು ಚಿತ್ರವೂ ಇಲ್ಲ, ಒಂದು ಹಾಡೂ ಇಲ್ಲ, ಒಂದು ಚಾನೆಲ್ಲೂ ಇಲ್ಲ. ಅದು ತೊಳೆದಿಟ್ಟ ಪಾತ್ರೆ. “ಎಲ್ಲವೂ ತುಂಬಿರುವ ಕೋಡಿ” ಎಂದು ಯಾರಾದರೂ ಮಾರಿದರೆ, ತುಂಬಿದವನು ಆ ಮಾರಾಟಗಾರನೇ ಹೊರತು ಆ ಸಂಸ್ಥೆಯವರಲ್ಲ. ಅವರು ಇಂಥ ವ್ಯಾಪಾರಕ್ಕೂ ತಮಗೂ ಸಂಬಂಧವಿಲ್ಲವೆಂದು ಅನೇಕ ಸಲ ಬಹಿರಂಗವಾಗಿ ಸಾರಿದ್ದಾರೆ.

ಬೇಕಾದ ಸಲಕರಣೆಗಳು ಹೆಚ್ಚೇನಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರು ಅಥವಾ ಲ್ಯಾಪ್‌ಟಾಪು, ಅದನ್ನು ಟಿ.ವಿ.ಗೆ ಸೇರಿಸುವ ಒಂದು ಎಚ್.ಡಿ.ಎಂ.ಐ. ತಂತಿ, ಇಷ್ಟಿದ್ದರೆ ಆರಂಭಿಸಬಹುದು. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಎಷ್ಟೋ ಕಂಪ್ಯೂಟರುಗಳು ಗುಜರಿಯ ದಾರಿಯನ್ನು ಹಿಡಿದಿವೆ. ಅಂಥವುಗಳಲ್ಲಿ ಲಿಬ್ರೆಇಲೆಕ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿದರೆ, ಯಂತ್ರವು ಹೊತ್ತಿಕೊಂಡೊಡನೆ ಕೋಡಿಯೇ ತೆರೆದುಕೊಳ್ಳುತ್ತದೆ, ಬೇರೆ ಗೊಂದಲವಿರುವುದಿಲ್ಲ. ಹಾಕುವುದಕ್ಕೆ ಮುಂಚೆ ಹಳೆಯ ಕಂಪ್ಯೂಟರಿನೊಳಗಿನ ಕಾಗದಪತ್ರಗಳನ್ನೂ ಫೋಟೋಗಳನ್ನೂ ಬೇರೆಡೆಗೆ ತೆಗೆದಿಡತಕ್ಕದ್ದು, ಏತಕ್ಕೆಂದರೆ ಈ ಕಾರ್ಯದಲ್ಲಿ ಅವೆಲ್ಲವೂ ಅಳಿಸಿಹೋಗುತ್ತವೆ.

ಹೊಸದಾಗಿ ಕೊಳ್ಳುವವರಿಗೆ ಅಂಗೈಯಷ್ಟಿರುವ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರು ಅನುಕೂಲವಾಗಿದೆ. ಇದಕ್ಕೆ ತಗಲುವ ವಿದ್ಯುತ್ತು ಬಹು ಸ್ವಲ್ಪ. ಟಿ.ವಿ.ಯ ರಿಮೋಟಿನ ಆಜ್ಞೆಯು ಅದೇ ಎಚ್.ಡಿ.ಎಂ.ಐ. ತಂತಿಯ ಮೂಲಕ ಇದಕ್ಕೆ ತಲಪುವುದರಿಂದ, ಆ ಸೌಕರ್ಯವುಳ್ಳ ಟಿ.ವಿ.ಯಿದ್ದಲ್ಲಿ ಎರಡನೆಯ ರಿಮೋಟು ಬೇಕಾಗುವುದಿಲ್ಲ. ಸಾಮಾನ್ಯ ಕಂಪ್ಯೂಟರುಗಳಲ್ಲಿ ಈ ಸೌಕರ್ಯವು ಹೆಚ್ಚಾಗಿ ಇರದು. ಅಲ್ಲಿ ತಂತಿಯಿಲ್ಲದ ಚಿಕ್ಕ ಕೀಲಿಮಣೆಯನ್ನಾಗಲಿ ಫೋನನ್ನಾಗಲಿ ರಿಮೋಟಾಗಿ ಬಳಸಬಹುದು. ಹಳ್ಳಿಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವುದುಂಟು. ಹಾಗೆ ಥಟ್ಟನೆ ನಿಂತರೆ ಈ ಪುಟ್ಟ ಯಂತ್ರದ ಮೆಮೊರಿ ಕಾರ್ಡು ಕೆಡುವ ಸಂಭವವಿರುವುದರಿಂದ, ಒಂದು ಸಣ್ಣ ಯು.ಪಿ.ಎಸ್. ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ತುಂಬುವ ವಿಚಾರ. ಇದನ್ನು ನಾವು ಮೂರು ಗೂಡುಗಳಾಗಿ ವಿಂಗಡಿಸಿಕೊಳ್ಳುತ್ತೇವೆ.

ಮೊದಲನೆಯದು ನ್ಯಾಯವಾಗಿ ಪುಕ್ಕಟೆಯಾಗಿ ದೊರೆಯುವ ಸಾಮಗ್ರಿ. ಇದರ ರಾಶಿಯು ನಮ್ಮ ಜನರು ನೆನೆಯುವುದಕ್ಕಿಂತ ದೊಡ್ಡದು. ಆಕಾಶವಾಣಿಯ ನಿಲಯಗಳನ್ನು ಇಂಟರ್‌ನೆಟ್ಟಿನ ಮೂಲಕ ಕೇಳಬಹುದು. ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ ವೇವ್ಸ್ ಎಂಬ ತನ್ನ ತಾಣವನ್ನು ತೆರೆದಿದೆ. ಯೂಟ್ಯೂಬಿನಲ್ಲಿ ಸಂಗೀತ, ಹರಿಕಥೆ, ಯಕ್ಷಗಾನಗಳಿಗೆ ಕೊರತೆಯಿಲ್ಲ. ಆದರೆ ಕೋಡಿಯೊಳಗೆ ಯೂಟ್ಯೂಬನ್ನು ನೋಡಬೇಕಾದರೆ ಗೂಗಲ್ ಕಂಪೆನಿಯಿಂದ ಸ್ವಂತ ಸಂಕೇತಗಳನ್ನು ಪಡೆದು ನಮೂದಿಸಬೇಕು. ಇದು ಒಂದು ಸಲದ ಶ್ರಮ. ಮನೆಯ ಕಾಲೇಜು ಹುಡುಗನಿಗೆ ಒಪ್ಪಿಸತಕ್ಕ ಕೆಲಸ.

ಹಳೆಯ ಚಿತ್ರಗಳ ವಿಷಯದಲ್ಲಿ ಕಾನೂನಿನ ಒಂದು ಅಂಶವನ್ನು ತಿಳಿದಿರುವುದು ಲಾಭಕರ. ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆಯಂತೆ, ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಅದರಂತೆ 1954ರ “ಬೇಡರ ಕಣ್ಣಪ್ಪ”ನ ಅವಧಿಯು 2014ರ ಕೊನೆಗೆ ತೀರಿತು. ಹಾಡಿನ ಸಾಹಿತ್ಯ ಸಂಗೀತಗಳ ಹಕ್ಕಿನ ಲೆಕ್ಕ ಬೇರೆ. ಅದು ಕರ್ತೃವಿನ ಮರಣಾನಂತರ 60 ವರ್ಷ. ಧ್ವನಿಮುದ್ರಣಕ್ಕೆ ಪ್ರಕಟಣೆಯಿಂದ 60 ವರ್ಷ.

ಇಲ್ಲಿ ಸೋಸಲೆಯ ನೆರೆಯವರೇ ಆದ ಒಬ್ಬ ಮಹನೀಯರನ್ನು ಸ್ಮರಿಸುವುದು ಉಚಿತ. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದುದು ನರಸೀಪುರದ ಬಳಿಯ ತಿರುಮಕೂಡಲಿನಲ್ಲಿ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದವು ಸಭೆಯ ಕೊನೆಯ ಸಾಲಿಗೆ ಕೇಳಿಸದೆ ಹೋಗುವುದನ್ನು ಕಂಡು, ಅವರು ಏಳು ತಂತಿಯ ಪಿಟೀಲನ್ನು ಆಚರಣೆಗೆ ತಂದರು. ಅವರು 1967ರಲ್ಲಿ ತೀರಿಕೊಂಡರು. ಅವರ ವಾದನದ ಮುದ್ರಿಕೆಗಳು ಈಗಲೂ ಇಂಟರ್‌ನೆಟ್ಟಿನಲ್ಲಿ ಕೇಳಸಿಗುತ್ತವೆ. ಕೊನೆಯ ಸಾಲಿನವನಿಗಾಗಿ ಮೂರು ತಂತಿಗಳನ್ನು ಹೆಚ್ಚಿಗೆ ಕಟ್ಟಿದವರ ನಾದವು ಇಂದು ಅವರ ಊರಿನ ಆಸುಪಾಸಿನ ಹಜಾರಗಳಲ್ಲಿ ಕೇಳಿಸದೆ, ಪರದೇಶದ ಅಬ್ಬರವೇ ಕೇಳಿಸುತ್ತಿದ್ದರೆ, ಆ ಲೋಪವನ್ನು ಯಂತ್ರದ ಮೇಲೆ ಹೊರಿಸಲಾಗದು.

ಎರಡನೆಯ ಗೂಡು ಚಂದಾ ಕೊಟ್ಟು ನೋಡುವ ತಾಣಗಳದು. ಇವು ತಮ್ಮ ಸರಕಿಗೆ ಬೀಗ ಹಾಕಿ ಕಳುಹಿಸುತ್ತವೆ. ಕೋಡಿಯಲ್ಲಿ ಅವನ್ನು ತೆರೆಯುವ ಪ್ರಯತ್ನವು ತೊಡಕಿನದು. ಸಾಮಾನ್ಯ ಕಂಪ್ಯೂಟರಿನಲ್ಲಿಯಾದರೆ ಬ್ರೌಸರಿನ ಮೂಲಕವೇ ನೋಡುವುದು ಸರಳ. ಕೆಲವು ವೇಳೆ ಚಿತ್ರದ ಪೂರ್ಣ ಸ್ಫುಟತೆಯು ಅಲ್ಲಿ ದೊರಕದೆ ಇರಬಹುದು. ಎಲ್ಲ ತಾಣಗಳಿಗೂ ಏಕಕಾಲದಲ್ಲಿ ಚಂದಾ ಕಟ್ಟಬೇಕಾದ ಅವಶ್ಯಕತೆಯಿಲ್ಲ. ತಿಂಗಳಿಗೊಂದರಂತೆ ಸರದಿಯ ಮೇಲೆ ತೆಗೆದುಕೊಂಡು, ನೋಡಬೇಕಾದುದನ್ನು ನೋಡಿ ನಿಲ್ಲಿಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ತಾನಾಗಿಯೇ ಮುಂದುವರಿಯುವ ಚಂದಾವನ್ನು ನಿಲ್ಲಿಸುವ ದಿನವನ್ನು ಪಂಚಾಂಗದ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯ ಪದ್ಧತಿ.

ಇಂಟರ್‌ನೆಟ್ಟಿನ ಖರ್ಚಿನ ಅಂದಾಜನ್ನೂ ಕೊಡುತ್ತೇವೆ. ನೆಟ್‌ಫ್ಲಿಕ್ಸ್ ಕಂಪೆನಿಯ ಲೆಕ್ಕದಂತೆ ಸಾಧಾರಣ ಸ್ಫುಟತೆಯ ಚಿತ್ರಕ್ಕೆ ಗಂಟೆಗೆ ಸುಮಾರು 1 ಜಿ.ಬಿ., ಎಚ್.ಡಿ.ಗೆ 3 ಜಿ.ಬಿ.ಯವರೆಗೆ, 4ಕೆ ಎಂಬುದಕ್ಕೆ 7 ಜಿ.ಬಿ.ಯವರೆಗೆ ತಗಲುತ್ತದೆ. ದಿನಕ್ಕೆ ಎರಡು ಗಂಟೆ ಎಚ್.ಡಿ. ನೋಡುವ ಮನೆಗೆ ತಿಂಗಳಿಗೆ 180 ಜಿ.ಬಿ. ಆಯಿತು. ದಿನಕ್ಕೆ 2 ಜಿ.ಬಿ. ಕೊಡುವ ಫೋನಿನ ಸೌಕರ್ಯದಲ್ಲಿ ಇದು ಸಾಗದು. ಮನೆಗೆ ತಂತಿಯ ಬ್ರಾಡ್‌ಬ್ಯಾಂಡ್ ಇದ್ದರೆ ಮಾತ್ರ ಈ ಏರ್ಪಾಡು ಹಿತವಾಗಿರುತ್ತದೆ. ವೇಗವು ಎಚ್.ಡಿ.ಗೆ ಸೆಕೆಂಡಿಗೆ 5 ಎಂ.ಬಿ.ಪಿ.ಎಸ್. ಇದ್ದರೆ ಸಾಕು. 32 ಅಂಗುಲದ ಟಿ.ವಿ.ಯವರು 4ಕೆಗೆ ಆಸೆಪಟ್ಟು ಹಣ ತೆರುವುದು ವ್ಯರ್ಥ.

ಮೂರನೆಯ ಗೂಡು ಮನೆಯ ಸ್ವಂತ ಸಂಗ್ರಹದ್ದು. ನಮ್ಮ ಅಭಿಪ್ರಾಯದಲ್ಲಿ ಇದೇ ಮುಖ್ಯವಾದುದು. ಆದರೆ ಎಲ್ಲರೂ ಕಟ್ಟಕಡೆಗೆ ನೆನೆಯುವುದೂ ಇದನ್ನೇ. ಮದುವೆಯ ವಿಡಿಯೋ ಕ್ಯಾಸೆಟ್ಟು, ಉಪನಯನದ ಸಿ.ಡಿ., ಅಜ್ಜಿಯ ಸೋಬಾನೆ ಹಾಡುಗಳನ್ನು ಎಂದೋ ತುಂಬಿಸಿದ ಟೇಪು, ಇವು ಬೀರುವಿನಲ್ಲಿ ಕುಳಿತು ದಿನೇ ದಿನೇ ಸಾಯುತ್ತಿವೆ. ಹೊಳೆಯ ದಂಡೆಯ ಊರುಗಳ ತೇವದಲ್ಲಿ ಟೇಪಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಕ್ಯಾಸೆಟ್ ಯಂತ್ರದ ಕಿವಿಯಂತ್ರದ ರಂಧ್ರದಿಂದ ಕಂಪ್ಯೂಟರಿಗೆ ಒಂದು ತಂತಿಯನ್ನು ಕೊಟ್ಟು, ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಿಂದ ಧ್ವನಿಯನ್ನು ಇಳಿಸಿಕೊಳ್ಳಬಹುದು. ಒಂದು ಗಂಟೆಯ ಧ್ವನಿಗೆ ಸಾಧಾರಣ ಎಂ.ಪಿ.3 ಕ್ರಮದಲ್ಲಿ 60 ಎಂ.ಬಿ.ಯಷ್ಟೂ ಬೇಕಾಗುವುದಿಲ್ಲ, ಒಂದು ಜಿ.ಬಿ.ಯಲ್ಲಿ ಹದಿನಾರು ಗಂಟೆಗೂ ಮೀರಿದ ಹಾಡು ಹಿಡಿಸುತ್ತದೆ. ವಿಡಿಯೋ ಕ್ಯಾಸೆಟ್ಟುಗಳನ್ನು ಪಟ್ಟಣದ ಸ್ಟುಡಿಯೋಗಳಲ್ಲಿ ಕೊಟ್ಟು ಪರಿವರ್ತನೆ ಮಾಡಿಸಬಹುದು. 1 ಟಿ.ಬಿ. ಡಿಸ್ಕಿನಲ್ಲಿ ಗಂಟೆಗೆ 3 ಜಿ.ಬಿ.ಯಂತೆ ಮುನ್ನೂರು ಗಂಟೆಗೂ ಮಿಕ್ಕ ಚಿತ್ರಗಳು ಸೇರುತ್ತವೆ. ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಬೇರೆ ಊರಿನ ಮಗಳ ಮನೆಯಲ್ಲಿಡಬೇಕು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ “ಸತಿ ಸುಲೋಚನಾ”ದ ಪ್ರತಿಯೊಂದೂ ಇಂದು ಉಳಿದಿಲ್ಲ. ಒಂದು ನಾಡಿನ ಹೆಮ್ಮೆಯ ಕೃತಿಗೇ ಈ ಗತಿಯಾದಲ್ಲಿ, ಬೀರುವಿನ ಒಂಟಿ ಟೇಪಿನ ಭರವಸೆಯೇನು?

ಸಂಗ್ರಹದ ಕಡತಗಳಿಗೆ ಹೆಸರಿಡುವಾಗ ಇಸವಿಯನ್ನೂ ಸೇರಿಸುವುದು ಅಗತ್ಯ. ಕೋಡಿಯು ಹೆಸರನ್ನು ನೋಡಿ ಚಿತ್ರಪಟವನ್ನೂ ವಿವರವನ್ನೂ ತಾನೇ ತಂದು ಅಂಟಿಸುತ್ತದೆ. “ಸತ್ಯ ಹರಿಶ್ಚಂದ್ರ” ಎಂದಷ್ಟೇ ಬರೆದರೆ 1943ರದೋ 1965ರದೋ ಅದಕ್ಕೆ ತಿಳಿಯದು. ಅಜ್ಜಿಗೆ ಬೇಕಾದ ದೇವರನಾಮಗಳನ್ನೂ ಹಳೆಯ ಚಿತ್ರಗಳನ್ನೂ “ಮೆಚ್ಚಿನವು” ಎಂಬ ಪಟ್ಟಿಗೆ ಸೇರಿಸಿಟ್ಟರೆ, ಎರಡು ಗುಂಡಿಗಳನ್ನು ಒತ್ತುವಷ್ಟರಲ್ಲಿ ಅವು ಆರಂಭವಾಗುತ್ತವೆ. ಮಕ್ಕಳಿಗೆ ಪ್ರತ್ಯೇಕ ಖಾತೆಯನ್ನು ತೆರೆದು, ದೊಡ್ಡವರ ಖಾತೆಗೆ ಸಂಕೇತದ ಬೀಗ ಹಾಕುವ ಸೌಕರ್ಯವೂ ಇದೆ. ಮನೆಯಲ್ಲಿ ಎರಡು ಮೂರು ತೆರೆಗಳಿದ್ದಲ್ಲಿ ಜೆಲ್ಲಿಫಿನ್ ಎಂಬ ಇನ್ನೊಂದು ಉಚಿತ ಸಾಧನದಿಂದ ಒಂದೇ ಕಂಪ್ಯೂಟರಿನ ಸಂಗ್ರಹವನ್ನು ಎಲ್ಲ ಕೋಣೆಗಳಿಗೂ ಹಂಚಬಹುದು. ಆದರೆ ನಾವು ಹಜಾರದ ಪಕ್ಷದವರಾದುದರಿಂದ ಅದನ್ನು ಹೆಚ್ಚಾಗಿ ಹೊಗಳುವುದಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಚಂದಾ ಇಲ್ಲದೆ ಎಲ್ಲವನ್ನೂ ತೋರಿಸುವ ಪೆಟ್ಟಿಗೆಯನ್ನು ಕೊಳ್ಳಬಹುದೇ? ಕೊಳ್ಳಕೂಡದೆಂಬುದೇ ನಮ್ಮ ಸ್ಪಷ್ಟವಾದ ಮಾತು. ನಿನ್ನೆ ಬಿಡುಗಡೆಯಾದ ಚಿತ್ರವು ಇಂದು ಪುಕ್ಕಟೆಯಾಗಿ ಬಂದರೆ ಅದು ಕದ್ದ ಮಾಲೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 2023ರಲ್ಲಿ ತಿದ್ದುಪಡಿಯಾದ ಚಲನಚಿತ್ರ ಕಾಯಿದೆಯಂತೆ, ಅನುಮತಿಯಿಲ್ಲದೆ ಚಿತ್ರವನ್ನು ಸೆರೆಹಿಡಿಯುವವರಿಗೂ ಹರಡುವವರಿಗೂ 3 ತಿಂಗಳಿಗೆ ಕಡಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸವೂ, 3 ಲಕ್ಷ ರೂಪಾಯಿಗೆ ಕಡಮೆಯಿಲ್ಲದ ದಂಡವೂ ಉಂಟು. ಇಂಥ ತುಂಬಿಸಿದ ಪೆಟ್ಟಿಗೆಗಳ ಮಾರಾಟವೇ ಹಕ್ಕುಗಳ ಉಲ್ಲಂಘನೆಯಾಗಬಹುದೆಂದು ಯೂರೋಪ್ ಒಕ್ಕೂಟದ ನ್ಯಾಯಾಲಯವು 2017ರಲ್ಲಿಯೇ ತೀರ್ಪಿತ್ತಿದೆ. ಕನ್ನಡ ಚಿತ್ರಕ್ಕೆ ನೋಡುವವರ ಮಾರುಕಟ್ಟೆ ಚಿಕ್ಕದು; ಅಲ್ಲಿ ಕದ್ದ ಒಂದು ಕಾಸೂ ದೊಡ್ಡ ಗಾಯ.

ನ್ಯಾಯಾನ್ಯಾಯಗಳ ಚರ್ಚೆ ಬೇಡವೆನ್ನುವವರು ತಮ್ಮ ಮನೆಯ ಕ್ಷೇಮವನ್ನಾದರೂ ಯೋಚಿಸಲಿ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ತಯಾರಿಕೆಯ ಕಾಲದಲ್ಲಿಯೇ ಕಳ್ಳ ಸಾಫ್ಟ್‌ವೇರು ಸೇರಿಬರುವುದು ಪತ್ತೆಯಾಗಿದೆ. ಬ್ಯಾಡ್‌ಬಾಕ್ಸ್ ಎಂದು ಹೆಸರಾದ ಈ ಜಾಲವನ್ನು ಕುರಿತು ಅಮೆರಿಕದ ಎಫ್.ಬಿ.ಐ. ಇಲಾಖೆಯು 2025ರ ಜೂನ್ ತಿಂಗಳಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಅಂಥ ಪೆಟ್ಟಿಗೆಯು ಮನೆಯ ಇಂಟರ್‌ನೆಟ್ಟಿನೊಳಗೆ ಕುಳಿತು, ದೂರದ ಕಳ್ಳರಿಗೆ ನಮ್ಮ ಮನೆಯ ವಿಳಾಸವನ್ನೇ ಮುಖವಾಡವಾಗಿ ಬಾಡಿಗೆಗೆ ಕೊಡುತ್ತದೆ. ಬ್ಯಾಂಕಿನ ವ್ಯವಹಾರವನ್ನು ನಡೆಸುವ ಫೋನೂ ಅದೇ ಮನೆಯ ಇಂಟರ್‌ನೆಟ್ಟಿನಲ್ಲಿರುತ್ತದೆಂಬುದನ್ನು ಮರೆಯಲಾಗದು. ಕೋಡಿಯಲ್ಲಿಯೂ ಹೊರಗಿನವರ ಜೋಡಣೆಗಳಿಗೆ ಬಾಗಿಲು ಮೊದಲಿನಿಂದಲೇ ಮುಚ್ಚಿರುತ್ತದೆ. ಅದನ್ನು ತೆರೆಯಹೊರಟರೆ ಎಚ್ಚರಿಕೆಯ ಮಾತು ತೆರೆಯ ಮೇಲೆ ಬರುತ್ತದೆ. ಅಧಿಕೃತ ಭಂಡಾರದಲ್ಲಿರುವ ಜೋಡಣೆಗಳೇ ಸಂಸಾರಿಗಳಿಗೆ ಸಾಕು.

ಕಡೆಯದಾಗಿ, ಈ ಪೆಟ್ಟಿಗೆಯಲ್ಲಿ ಏನಿರಬೇಕೆಂಬುದನ್ನು ಮನೆಯವರೆಲ್ಲರೂ ಒಂದು ಸಂಜೆ ಕೂಡಿ ಕುಳಿತು ತೀರ್ಮಾನಿಸಬೇಕು. ಅಜ್ಜಿಯ ಮಾತೂ ಮೊಮ್ಮಗುವಿನ ಮಾತೂ ಸಮನಾಗಿ ನಡೆಯಲಿ. ವಾರದಲ್ಲಿ ಒಂದು ರಾತ್ರಿ ಎಲ್ಲರೂ ಒಂದೇ ಚಿತ್ರವನ್ನು ನೋಡುವ ನಿಯಮವಿರಲಿ. ಊಟದ ಹೊತ್ತಿಗೆ ಯಂತ್ರವು ನಿದ್ರಿಸಲಿ. ತುಂಬುವ ಕೆಲಸವನ್ನು ಅಜ್ಜಿಯಿಂದಲೇ ಆರಂಭಿಸಬೇಕೆಂಬುದು ನಮ್ಮ ಸೂಚನೆ. ಅವಳನ್ನು ಗದ್ದಲವಿಲ್ಲದ ಕೋಣೆಯಲ್ಲಿ ಕೂರಿಸಿ, ಫೋನನ್ನು ಮುಂದಿಟ್ಟು, ಅವಳಿಗೆ ಬರುವ ಹಾಡುಗಳನ್ನೂ ಕಂಡ ಕಥೆಗಳನ್ನೂ ಹೇಳಿಸಿ ಉಳಿಸಿಕೊಳ್ಳಬೇಕು. ಬೇರೆಯದೆಲ್ಲವೂ ಇಂದಲ್ಲದಿದ್ದರೆ ನಾಳೆ ಎಲ್ಲಿಯಾದರೂ ದೊರೆತೀತು. ಈ ಒಂದು ಮುದ್ರಿಕೆಯನ್ನು ಮಾತ್ರ ಲೋಕದ ಯಾವ ಕಂಪೆನಿಯೂ, ಎಷ್ಟು ಚಂದಾ ಕೊಟ್ಟರೂ, ಕಳುಹಿಸಿಕೊಡಲಾರದು. ಆದುದರಿಂದ ಈ ತಿಂಗಳಲ್ಲಿಯೇ ಇದನ್ನು ಮಾಡಿ ಮುಗಿಸುವುದು ಯುಕ್ತ.